ದೂರದ ಸ್ವಿಚ್‌ಗೆ ಕೈಹಾಕುವ ಮೊದಲು ಮರಳುವ ದಾರಿ ಹಾಕಿಕೊಳ್ಳಿ

ಪ್ರಶ್ನೆ: ಪೀಣ್ಯದ ಒಂದು ತಯಾರಿಕಾ ಸಂಸ್ಥೆಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವವನು ನಾನೊಬ್ಬನೇ. ಬೊಮ್ಮಸಂದ್ರ ಮತ್ತು ವೈಟ್‌ಫೀಲ್ಡ್‌ನಲ್ಲಿ ನಮ್ಮ ಇನ್ನೆರಡು ಘಟಕಗಳಿವೆ. ಎಲ್ಲ ಸೇರಿ ಸುಮಾರು 30 ಸ್ವಿಚ್‌ಗಳು ಮತ್ತು 3 ರೂಟರ್‌ಗಳು, ಬಹುಪಾಲು ಸಿಸ್ಕೋ. ಕಳೆದ ತಿಂಗಳು ರಾತ್ರಿ ಹನ್ನೊಂದಕ್ಕೆ ಮನೆಯಿಂದ ಬೊಮ್ಮಸಂದ್ರದ ಸ್ವಿಚ್‌ನ ಟ್ರಂಕ್ ಪೋರ್ಟ್‌ಗೆ (ಹಲವು ವಿಲ್ಯಾನ್‌ಗಳನ್ನು ಒಟ್ಟಿಗೆ ಸಾಗಿಸುವ ಪೋರ್ಟ್) ವಿಲ್ಯಾನ್ 40 (ಅದೇ ಸ್ವಿಚ್‌ಗಳ ಮೇಲೆ ಬೇರ್ಪಡಿಸಿದ ಒಂದು ಉಪಜಾಲ) ಸೇರಿಸಲು ಹೋದೆ. ಒಂದು ಸಾಲು ಕೊಟ್ಟ ಕೂಡಲೇ ಘಟಕದ ಸಂಪರ್ಕವೇ ಕಡಿಯಿತು. ರಾತ್ರೋರಾತ್ರಿ ಅಲ್ಲಿಗೆ ಹೋಗಿ ಕನ್ಸೋಲ್ ಕೇಬಲ್ ಹಾಕಿ ಸರಿಪಡಿಸಿದೆ. ಇಂಥದ್ದು ಮತ್ತೆ ಆಗದಂತೆ ಬದಲಾವಣೆಗಳನ್ನು ಹೇಗೆ ಮಾಡಬೇಕು? ಹಲವು ಸಾಧನಗಳಿಗೆ ಒಟ್ಟಿಗೆ ಆಜ್ಞೆ ಕೊಡುವ ಆನ್ಸಿಬಲ್ ತಂತ್ರಾಂಶ ಬಳಸಿದರೆ ಈ ತೊಂದರೆ ತಪ್ಪುತ್ತದೆಯೇ?

ಉತ್ತರ: ಆ ರಾತ್ರಿ ಏನಾಯಿತೆಂಬುದು ನೀವು ಬರೆದ ರೀತಿಯಿಂದಲೇ ಬಹುಮಟ್ಟಿಗೆ ತಿಳಿಯುತ್ತದೆ. ಸಿಸ್ಕೋ ಸ್ವಿಚ್‌ನಲ್ಲಿ ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೋಡ್ ವಿಲ್ಯಾನ್ 40’ ಎಂದು ಕೊಟ್ಟರೆ ಇರುವ ಪಟ್ಟಿಗೆ 40 ಸೇರುವುದಿಲ್ಲ. ಹಳೆಯ ಪಟ್ಟಿ ಪೂರ್ತಿಯಾಗಿ ಅಳಿದು 40 ಒಂದೇ ಉಳಿಯುತ್ತದೆ. ಸೇರಿಸಬೇಕಾದರೆ ಸಂಖ್ಯೆಗೆ ಮೊದಲು ‘ಆಡ್’ ಎಂಬ ಪದ ಇರಲೇಬೇಕು. ನೀವು ಸ್ವಿಚ್‌ಗೆ ಲಾಗಿನ್ ಆಗುವ ಮ್ಯಾನೇಜ್‌ಮೆಂಟ್ ವಿಲ್ಯಾನ್ ಅದೇ ಟ್ರಂಕ್ ಮೂಲಕ ಬರುತ್ತಿದ್ದುದರಿಂದ, ಎಂಟರ್ ಒತ್ತಿದ ಕ್ಷಣದಲ್ಲಿಯೇ ನೀವು ಕುಳಿತಿದ್ದ ಕೊಂಬೆಯನ್ನು ಕಡಿದಂತಾಯಿತು. ಈ ಆಜ್ಞೆಯಲ್ಲಿ ಇನ್ನೊಂದು ಅಪಾಯವೂ ಇದೆ, ಅದನ್ನು ಗಮನಿಸುವವರು ಕಡಿಮೆ. ತಪ್ಪನ್ನು ರದ್ದುಮಾಡಲು ಅದೇ ಸಾಲಿನ ಆರಂಭದಲ್ಲಿ ‘ನೋ’ ಹಾಕಿದರೆ ಹಳೆಯ ಪಟ್ಟಿ ಮರಳುವುದಿಲ್ಲ. ಟ್ರಂಕ್ ತನ್ನ ಮೂಲಸ್ಥಿತಿಗೆ ಹೋಗಿ 1ರಿಂದ 4094ರವರೆಗಿನ ಎಲ್ಲ ವಿಲ್ಯಾನ್‌ಗಳನ್ನೂ ಬಿಟ್ಟುಕೊಳ್ಳುತ್ತದೆ. ‘ನೋ’ ಎಂದರೆ ‘ಮೊದಲಿನಂತೆ ಮಾಡು’ ಎಂದರ್ಥವಲ್ಲ ಎಂಬುದನ್ನು ಈ ಉದಾಹರಣೆಯಿಂದ ಮನಸ್ಸಿನಲ್ಲಿಟ್ಟುಕೊಳ್ಳಿ. ಮರಳಿ ಹೋಗುವ ಆಜ್ಞೆಗಳನ್ನು ಬದಲಾವಣೆಗೆ ಮುಂಚೆಯೇ, ಆಗ ಇರುವ ಸ್ಥಿತಿಯನ್ನು ನೋಡಿಕೊಂಡು, ಪ್ರತ್ಯೇಕವಾಗಿ ಬರೆದಿಡಬೇಕಾಗುತ್ತದೆ.

ಹಾಗೆಂದು ‘ಇನ್ನು ಮುಂದೆ ಆಡ್ ಮರೆಯಬೇಡಿ’ ಎಂದು ಹೇಳಿ ಸುಮ್ಮನಾದರೆ ನಾನು ನಿಮಗೆ ನೆರವಾದಂತಾಗುವುದಿಲ್ಲ. ರಾತ್ರಿ ಹನ್ನೊಂದಕ್ಕೆ ದಣಿದು ಕೂತ ಮನುಷ್ಯ ಒಂದಲ್ಲ ಒಂದು ದಿನ ಒಂದು ಪದ ಮರೆತೇ ಮರೆಯುತ್ತಾನೆ. ಇದು ಎಚ್ಚರಿಕೆಯ ಕೊರತೆಯೂ ಅಲ್ಲ, ತಿಳಿವಳಿಕೆಯ ಕೊರತೆಯೂ ಅಲ್ಲ. ದೂರದ ಸಾಧನದಲ್ಲಿ ಮಾಡುವ ಬದಲಾವಣೆಯನ್ನು ಸುರಕ್ಷಿತ ಎಂದು ನಾನು ಕರೆಯಬೇಕಾದರೆ ಕೇಳುವ ಪ್ರಶ್ನೆ ಒಂದೇ: ಇದು ತಪ್ಪಾಗಿ, ನನ್ನ ಸಂಪರ್ಕ ಕಡಿದುಹೋದರೆ, ಸಾಧನ ತಾನಾಗಿ ಹಳೆಯ ಸ್ಥಿತಿಗೆ ಮರಳುತ್ತದೆಯೇ? ಆ ಮರಳುವಿಕೆ ನಿಮ್ಮ ಕೈಯನ್ನಾಗಲಿ, ನೀವು ಬದಲಿಸುತ್ತಿರುವ ಲಿಂಕನ್ನಾಗಲಿ ನೆಚ್ಚಿಕೊಂಡಿರಬಾರದು.

ನಿಮ್ಮಲ್ಲಿರುವ ಸಾಧನಗಳಲ್ಲೇ ಇದಕ್ಕೆ ವ್ಯವಸ್ಥೆ ಇದೆ. ಎಲ್ಲಕ್ಕಿಂತ ಹಳೆಯದು, ಸರಳವಾದದ್ದು, ‘ರೀಲೋಡ್ ಇನ್ 10’. ಹತ್ತು ನಿಮಿಷದೊಳಗೆ ನೀವು ‘ರೀಲೋಡ್ ಕ್ಯಾನ್ಸಲ್’ ಎಂದು ಹೇಳದಿದ್ದರೆ ಸ್ವಿಚ್ ರೀಬೂಟ್ ಆಗುತ್ತದೆ. ಉಳಿಸದ ಬದಲಾವಣೆಗಳು ರನ್ನಿಂಗ್ ಕಾನ್ಫಿಗ್‌ನಲ್ಲಿ (ಸದ್ಯ ಜಾರಿಯಲ್ಲಿರುವ ಆಜ್ಞೆಗಳ ಪಟ್ಟಿ) ಮಾತ್ರ ಇರುವುದರಿಂದ ಅವು ಅಳಿದು, ಸ್ಟಾರ್ಟಪ್ ಕಾನ್ಫಿಗ್‌ನಲ್ಲಿರುವ (ಉಳಿಸಿಟ್ಟ ಪಟ್ಟಿ) ಹಳೆಯ ಸ್ಥಿತಿ ಮರಳುತ್ತದೆ. ಆದರೆ ಇದನ್ನು ಬಳಸುವವರು ಎಡವುವ ಜಾಗಗಳಿವೆ. ಆಜ್ಞೆಯನ್ನು ಬದಲಾವಣೆಗೆ ಮೊದಲೇ ಕೊಡಬೇಕು. ಬದಲಾವಣೆ ಮಾಡಿದ ಮೇಲೆ ಕೊಟ್ಟರೆ, ಕಾನ್ಫಿಗ್ ಬದಲಾಗಿದೆ, ಉಳಿಸಲೇ ಎಂದು ಸ್ವಿಚ್ ಕೇಳುತ್ತದೆ; ಅಭ್ಯಾಸಬಲದಿಂದ ಹೌದು ಎಂದುಬಿಟ್ಟರೆ ತಪ್ಪು ಕಾನ್ಫಿಗ್ ಶಾಶ್ವತವಾಗಿ, ರೀಬೂಟ್ ಆದರೂ ಅದೇ ಉಳಿಯುತ್ತದೆ. ಎರಡನೆಯದಾಗಿ, ರೀಬೂಟ್ ಆದಾಗ ಮರಳುವುದು ‘ಹತ್ತು ನಿಮಿಷದ ಹಿಂದಿನ ಸ್ಥಿತಿ’ ಅಲ್ಲ, ‘ಕೊನೆಯ ಬಾರಿ ಯಾರೋ ಉಳಿಸಿದ ಸ್ಥಿತಿ’. ಆರು ತಿಂಗಳ ಹಿಂದೆ ಯಾರಾದರೂ ಒಂದು ಪೋರ್ಟ್ ಬದಲಿಸಿ ಉಳಿಸದೆ ಹೋಗಿದ್ದರೆ, ಆ ಬದಲಾವಣೆಯೂ ಅಂದೇ ಮಾಯವಾಗುತ್ತದೆ. ನಮ್ಮ ಕೈಗಾರಿಕಾ ಪ್ರದೇಶಗಳಲ್ಲಿ ಕರೆಂಟ್ ಹೋಗಿ ಯುಪಿಎಸ್ ಬ್ಯಾಟರಿಯೂ ಇಳಿದು, ಮರುದಿನ ಬೆಳಗ್ಗೆ ‘ಯಾರೂ ಏನೂ ಮುಟ್ಟಿಲ್ಲ, ಆದರೂ ಪ್ರಿಂಟರ್ ಬರುತ್ತಿಲ್ಲ’ ಎಂಬ ದೂರು ಬಂದಾಗ, ಬಹಳ ಸಲ ಕಾರಣ ಇದೇ ಆಗಿರುತ್ತದೆ. ಆದ್ದರಿಂದ ಯಾವುದೇ ಕೆಲಸ ಶುರುಮಾಡುವ ಮೊದಲು ರನ್ನಿಂಗ್ ಮತ್ತು ಸ್ಟಾರ್ಟಪ್ ಎರಡನ್ನೂ ಹೋಲಿಸಿ, ವ್ಯತ್ಯಾಸವಿದ್ದರೆ ಅದೇನೆಂದು ಅರ್ಥಮಾಡಿಕೊಂಡು, ಆಮೇಲೆ ಉಳಿಸಿ ಮುಂದುವರಿಯಿರಿ. ಮೂರನೆಯದಾಗಿ, ರೀಬೂಟ್ ಎಂದರೆ ಆ ಸ್ವಿಚ್‌ನಿಂದ ವಿದ್ಯುತ್ ಪಡೆಯುವ ಐಪಿ ಫೋನ್‌ಗಳು, ಕ್ಯಾಮೆರಾಗಳು, ವೈಫೈ ಪೆಟ್ಟಿಗೆಗಳು ಎಲ್ಲವೂ ಕೆಲವು ನಿಮಿಷ ಸತ್ತಂತೆ; ರಾತ್ರಿ ಪಾಳಿ ನಡೆಯುವ ಘಟಕದಲ್ಲಿ ಇದನ್ನು ಮೇಲ್ವಿಚಾರಕರಿಗೆ ಮೊದಲೇ ತಿಳಿಸದೆ ಮಾಡಬಾರದು.

ಇದಕ್ಕಿಂತ ಮೃದುವಾದ ಮಾರ್ಗವನ್ನು ನಿಮಗೆ ಹೆಚ್ಚು ಶಿಫಾರಸು ಮಾಡುತ್ತೇನೆ. ಸಿಸ್ಕೋ ಸಾಧನಗಳನ್ನು ನಡೆಸುವ ತಂತ್ರಾಂಶವಾದ ಐಓಎಸ್‌ನಲ್ಲಿ ‘ಆರ್ಕೈವ್’ ಎಂಬ ವಿಭಾಗದಲ್ಲಿ ಪ್ರತಿಗಳನ್ನು ಎಲ್ಲಿ ಇಡಬೇಕೆಂದು ಒಮ್ಮೆ ಹೇಳಿಟ್ಟರೆ, ಆಮೇಲೆ ‘ಕಾನ್ಫಿಗರ್ ಟರ್ಮಿನಲ್ ರಿವರ್ಟ್ ಟೈಮರ್ 5’ ಎಂದು ಪ್ರವೇಶಿಸಬಹುದು. ಸಾಧನ ಆ ಕ್ಷಣದ ಕಾನ್ಫಿಗ್‌ನ ಪ್ರತಿ ತೆಗೆದಿಟ್ಟುಕೊಳ್ಳುತ್ತದೆ. ಐದು ನಿಮಿಷದೊಳಗೆ ನೀವು ‘ಕಾನ್ಫಿಗರ್ ಕನ್ಫರ್ಮ್’ ಎಂದು ಹೇಳದಿದ್ದರೆ, ರೀಬೂಟ್ ಇಲ್ಲದೆಯೇ, ಬದಲಾದ ಸಾಲುಗಳನ್ನಷ್ಟೇ ಹಿಂದಕ್ಕೆ ತಿರುಗಿಸುತ್ತದೆ. ಅಂದು ರಾತ್ರಿ ನೀವು ಇದನ್ನು ಬಳಸಿದ್ದರೆ, ಐದು ನಿಮಿಷ ಕಾದು, ಮತ್ತೆ ಲಾಗಿನ್ ಆಗಿ, ಬಿಟ್ಟುಹೋದ ಪದವನ್ನು ಸೇರಿಸಿ ಮಲಗಬಹುದಿತ್ತು. ನಿಮ್ಮ ಪ್ರತಿಯೊಂದು ಮಾದರಿಯ ಸ್ವಿಚ್ ಇದನ್ನು ಒಪ್ಪುತ್ತದೆಯೇ ಎಂಬುದನ್ನು ಒಂದು ಮಧ್ಯಾಹ್ನ ಪೀಣ್ಯದಲ್ಲೇ, ಕೈಗೆಟುಕುವ ಸ್ವಿಚ್ ಮೇಲೆ, ಬೇಕೆಂದೇ ಕನ್ಫರ್ಮ್ ಮಾಡದೆ ಬಿಟ್ಟು ಪರೀಕ್ಷಿಸಿ. ಮರಳುತ್ತದೆ ಎಂದು ಓದುವುದಕ್ಕೂ, ಮರಳಿದ್ದನ್ನು ಕಣ್ಣಾರೆ ಕಾಣುವುದಕ್ಕೂ ಬಹಳ ಅಂತರವಿದೆ.

ಜ್ಯೂನಿಪರ್ ಕಂಪನಿಯ ಸಾಧನಗಳಲ್ಲಿ ಈ ವಿಚಾರವನ್ನು ಮೊದಲಿನಿಂದಲೇ ವ್ಯವಸ್ಥೆಯ ಒಳಗೆ ಕಟ್ಟಿದ್ದಾರೆ. ಅಲ್ಲಿ ನೀವು ತಿದ್ದುವುದು ಕರಡು ಪ್ರತಿಯನ್ನು. ‘ಶೋ ಕಂಪೇರ್’ ಮೂಲಕ ವ್ಯತ್ಯಾಸ ನೋಡಿ, ‘ಕಮಿಟ್ ಚೆಕ್’ ಮೂಲಕ ವ್ಯಾಕರಣ ಪರೀಕ್ಷಿಸಿ, ‘ಕಮಿಟ್ ಕನ್ಫರ್ಮ್ಡ್’ ಎಂದು ಜಾರಿಗೊಳಿಸಿದರೆ, 10 ನಿಮಿಷದೊಳಗೆ ಎರಡನೆಯ ಕಮಿಟ್ ಬಾರದಿದ್ದರೆ ಅದು ಹಿಂದಕ್ಕೆ ಹೋಗುತ್ತದೆ. ಹಿಂದಿನ 49 ಪ್ರತಿಗಳವರೆಗೆ ರೋಲ್‌ಬ್ಯಾಕ್ ಮಾಡಬಹುದು. ಸಣ್ಣ ಕಚೇರಿಗಳಲ್ಲಿ ಕಾಣುವ ಮೈಕ್ರೋಟಿಕ್ ರೂಟರ್‌ಗಳಲ್ಲಿ ಕಂಟ್ರೋಲ್ ಮತ್ತು ಎಕ್ಸ್ ಒತ್ತಿದರೆ ಸೇಫ್ ಮೋಡ್ ಬರುತ್ತದೆ. ಸಂಪರ್ಕ ಕಡಿದರೆ ಬದಲಾವಣೆಗಳು ರದ್ದಾಗುತ್ತವೆ, ಆದರೆ ಸಂಪರ್ಕ ಕಡಿದದ್ದು ಅದಕ್ಕೆ ಗೊತ್ತಾಗಲು 9 ನಿಮಿಷದಷ್ಟು ಹಿಡಿಯಬಹುದು, ಅಷ್ಟು ಹೊತ್ತು ತಾಳ್ಮೆಯಿಂದ ಕಾಯಬೇಕು. ಸಾಧನಗಳ ಕಾನ್ಫಿಗ್ ಬದಲಿಸುವ ವಿಧಾನಕ್ಕಾಗಿ ಮಾಡಿದ 2011ರ ನೆಟ್‌ಕಾನ್ಫ್ ಮಾನದಂಡದಲ್ಲಿಯೂ ಇದೇ ದೃಢೀಕರಣದ ವ್ಯವಸ್ಥೆಗೆ 600 ಸೆಕೆಂಡುಗಳ ಗಡುವನ್ನು ಸಹಜವೆಂದು ಇಟ್ಟಿದ್ದಾರೆ.

ಟೈಮರ್ ಇದ್ದರೂ ಕೆಲವು ಕೆಲಸಗಳನ್ನು ಮಾಡುವ ಕ್ರಮವನ್ನೇ ಬದಲಿಸಿಕೊಳ್ಳುವುದು ಒಳ್ಳೆಯದು. ಅದರಲ್ಲಿ ಮುಖ್ಯವಾದದ್ದು ಆಕ್ಸೆಸ್ ಲಿಸ್ಟ್, ಅಂದರೆ ಯಾವ ಸಂಚಾರವನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ನಿಯಮಗಳ ಪಟ್ಟಿ. ಇಂಟರ್‌ಫೇಸ್‌ಗೆ ಹಚ್ಚಿರುವ ಲಿಸ್ಟನ್ನು ಅಳಿಸಿ, ಹೊಸದನ್ನು ನೋಟ್‌ಪ್ಯಾಡ್‌ನಿಂದ ಸಾಲುಸಾಲಾಗಿ ಅಂಟಿಸುವವರನ್ನು ಬಹಳ ನೋಡಿದ್ದೇನೆ. ಲಿಸ್ಟ್ ಇಲ್ಲದಿದ್ದಾಗ ಐಓಎಸ್ ಎಲ್ಲವನ್ನೂ ಬಿಡುತ್ತದೆ. ಮೊದಲ ಸಾಲು ಬಿದ್ದ ಕ್ಷಣ ಲಿಸ್ಟ್ ಜೀವಂತವಾಗಿ, ಅದರ ಕೊನೆಯಲ್ಲಿ ಕಣ್ಣಿಗೆ ಕಾಣದೆ ಇರುವ ‘ಎಲ್ಲವನ್ನೂ ತಡೆ’ ಎಂಬ ಸಾಲು ಕೆಲಸ ಶುರುಮಾಡುತ್ತದೆ. ನಿಮ್ಮ ಸ್ವಂತ ಲಾಗಿನ್‌ಗೆ ಅನುಮತಿ ಕೊಡುವ ಸಾಲು ಏಳನೆಯದಾಗಿದ್ದರೆ, ಎರಡನೆಯ ಸಾಲು ತಲುಪುವ ಮೊದಲೇ ನೀವು ಹೊರಗಿರುತ್ತೀರಿ. ಬದಲಿಗೆ ಬೇರೆ ಹೆಸರಿನಲ್ಲಿ ಹೊಸ ಲಿಸ್ಟನ್ನು ಪೂರ್ತಿ ಬರೆದು, ಓದಿ ನೋಡಿ, ಕೊನೆಗೆ ಇಂಟರ್‌ಫೇಸ್‌ನಲ್ಲಿ ಹಳೆಯ ಹೆಸರಿನ ಜಾಗಕ್ಕೆ ಹೊಸ ಹೆಸರನ್ನು ಒಂದೇ ಆಜ್ಞೆಯಲ್ಲಿ ಹಾಕಿ. ಮರಳಬೇಕಾದರೂ ಒಂದೇ ಆಜ್ಞೆ ಸಾಕು, ಏಕೆಂದರೆ ಹಳೆಯ ಲಿಸ್ಟ್ ಇನ್ನೂ ಅಲ್ಲಿಯೇ ಇರುತ್ತದೆ. ಎರಡು ಘಟಕಗಳ ನಡುವಿನ ಲಿಂಕ್‌ನ ವಿಳಾಸ ಬದಲಿಸುವಾಗಲಂತೂ ಯಾವಾಗಲೂ ದೂರದ ತುದಿ ಮೊದಲು, ಹತ್ತಿರದ ತುದಿ ಆಮೇಲೆ.

ಇಷ್ಟೆಲ್ಲ ಮಾಡಿದರೂ ಸಾಧನದ ಬಳಿಗೆ ಹೋಗಲು ಎರಡನೆಯ ದಾರಿ ಬೇಕು, ಮತ್ತು ಅದು ನಿಜವಾಗಿಯೂ ಬೇರೆಯೇ ದಾರಿಯಾಗಿರಬೇಕು. 2022ರ ಜುಲೈ 8ರಂದು ಕೆನಡಾದ ರೋಜರ್ಸ್ ಕಂಪನಿಯ ಜಾಲ ದೇಶದಾದ್ಯಂತ ಸ್ತಬ್ಧವಾಗಿ 1.2 ಕೋಟಿಗೂ ಹೆಚ್ಚು ಗ್ರಾಹಕರು ಸಂಪರ್ಕ ಕಳೆದುಕೊಂಡರು. ಏಳು ಹಂತಗಳ ನವೀಕರಣದ ಆರನೆಯ ಹಂತದಲ್ಲಿ ಡಿಸ್ಟ್ರಿಬ್ಯೂಷನ್ ರೂಟರ್‌ನಿಂದ ಒಂದು ಫಿಲ್ಟರನ್ನು ತೆಗೆದದ್ದೇ ಕಾರಣ. ಅದರ ಹಿಂದೆ ತಡೆದು ನಿಂತಿದ್ದ ರೂಟ್‌ಗಳೆಲ್ಲ (ಯಾವ ವಿಳಾಸಕ್ಕೆ ಯಾವ ದಾರಿ ಎಂಬ ಮಾಹಿತಿ) ಜಾಲದ ನಡುವಿನ ಕೋರ್ ರೂಟರ್‌ಗಳಿಗೆ ನುಗ್ಗಿ, ಅವುಗಳ ಸಾಮರ್ಥ್ಯ ಮೀರಿ, ಅವು ಕುಸಿದವು. ಹಿಂದಿನ ಹಂತಗಳು ಸುಗಮವಾಗಿ ಮುಗಿದಿದ್ದರಿಂದ ಈ ಹಂತದ ಅಪಾಯದ ಅಂದಾಜನ್ನೂ ಇಳಿಸಲಾಗಿತ್ತು. ಆದರೆ ಚೇತರಿಕೆ ಅಷ್ಟು ತಡವಾಗಲು ಮುಖ್ಯ ಕಾರಣ ಬೇರೆ: ರೂಟರ್‌ಗಳನ್ನು ನಿರ್ವಹಿಸುವ ಮ್ಯಾನೇಜ್‌ಮೆಂಟ್ ಜಾಲವೂ ಅದೇ ಕೋರ್ ಮೇಲೆಯೇ ನಿಂತಿತ್ತು, ಹಾಗಾಗಿ ಎಂಜಿನಿಯರ್‌ಗಳಿಗೆ ತಮ್ಮದೇ ಸಾಧನಗಳನ್ನು ತಲುಪಲು, ದೋಷ ಎಲ್ಲಿದೆಯೆಂದು ನೋಡಲು ದಾರಿಯಿರಲಿಲ್ಲ. ಅದಕ್ಕೂ ಹಿಂದಿನ ವರ್ಷ, 2021ರ ಅಕ್ಟೋಬರ್ 4ರಂದು, ಫೇಸ್‌ಬುಕ್ ಸುಮಾರು ಆರು ಗಂಟೆ ನಿಂತುಹೋದಾಗಲೂ ಹೀಗೆಯೇ ಆಯಿತು. ಬೆನ್ನೆಲುಬು ಜಾಲದ ಸಾಮರ್ಥ್ಯ ಅಳೆಯಲು ಕೊಟ್ಟ ಆಜ್ಞೆ ಆ ಜಾಲವನ್ನೇ ಕಡಿಯಿತು, ಅಂಥ ಆಜ್ಞೆಯನ್ನು ತಡೆಯಬೇಕಿದ್ದ ತಪಾಸಣಾ ಸಾಧನದಲ್ಲಿ ದೋಷವಿತ್ತು, ಕೊನೆಗೆ ಜನರನ್ನು ಡೇಟಾ ಸೆಂಟರ್‌ಗಳಿಗೇ ಕಳುಹಿಸಬೇಕಾಯಿತು.

ನಿಮ್ಮ ಗಾತ್ರದ ಸಂಸ್ಥೆಗೆ ಇದಕ್ಕೆ ದೊಡ್ಡ ಖರ್ಚು ಬೇಕಿಲ್ಲ. ಬೊಮ್ಮಸಂದ್ರ ಮತ್ತು ವೈಟ್‌ಫೀಲ್ಡ್‌ನಲ್ಲಿ ಒಂದೊಂದು ಸಣ್ಣ 4ಜಿ ರೂಟರ್ ಇಟ್ಟು, ಅದರ ಸೀರಿಯಲ್ ಪೋರ್ಟನ್ನು ಮುಖ್ಯ ಸ್ವಿಚ್‌ನ ಕನ್ಸೋಲ್‌ಗೆ ಜೋಡಿಸಿ. ಸಿಮ್ ಅನ್ನು ನಿಮ್ಮ ಮುಖ್ಯ ಇಂಟರ್ನೆಟ್ ಕೊಡುವ ಕಂಪನಿಯದ್ದಲ್ಲದೆ ಬೇರೊಂದರದ್ದು ಹಾಕಿ. ನಮ್ಮ ಮೊಬೈಲ್ ಸಿಮ್‌ಗಳಿಗೆ ಸಾಮಾನ್ಯವಾಗಿ ಹೊರಗಿನಿಂದ ತಲುಪಬಹುದಾದ ಐಪಿ ವಿಳಾಸ ಸಿಗುವುದಿಲ್ಲ. ಆದ್ದರಿಂದ ಆ ಪೆಟ್ಟಿಗೆಯೇ ಹೊರಗಿನ ಒಂದು ಸರ್ವರ್‌ಗೆ ವಿಪಿಎನ್ ಮೂಲಕ ಕರೆಮಾಡಿ ಕಾಯುವಂತೆ ಮಾಡಬೇಕು, ಆ ಸರ್ವರ್ ಪೀಣ್ಯದ ಕಚೇರಿಯ ಇಂಟರ್ನೆಟ್‌ನ ಹಿಂದೆ ಇರಬಾರದು. ನೆಲಮಾಳಿಗೆಯ ಸರ್ವರ್ ಕೋಣೆಯಲ್ಲಿ ಸಿಗ್ನಲ್ ಬರುತ್ತದೆಯೇ ಎಂದು ಬಾಗಿಲು ಹಾಕಿ ನೋಡಿ. ಬಾರದಿದ್ದರೆ ಆಂಟೆನಾವನ್ನು ಹೊರಗೆಳೆಯಿರಿ. ತಿಂಗಳಿಗೊಮ್ಮೆ ಆ ದಾರಿಯಿಂದ ಲಾಗಿನ್ ಆಗಿ ಬರುವುದನ್ನು ಕ್ಯಾಲೆಂಡರ್‌ನಲ್ಲಿ ಹಾಕಿಕೊಳ್ಳಿ, ಏಕೆಂದರೆ ರೀಚಾರ್ಜ್ ಮುಗಿದ ಸಿಮ್ ಅಗತ್ಯ ಬಿದ್ದ ರಾತ್ರಿಯೇ ಗೊತ್ತಾಗುತ್ತದೆ.

ಬದಲಾವಣೆ ಆದ ಮೇಲೆ ‘ಎಲ್ಲ ಸರಿಯಿದೆ’ ಎಂದು ಯಾವಾಗ ಹೇಳಬಹುದು ಎಂಬುದರ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಇದರಲ್ಲಿ ನನಗೆ ಸ್ವಂತ ಅನುಭವವಿದೆ. ಕೆಲವು ವರ್ಷಗಳ ಹಿಂದೆ ನಗರದ ಹೊರವಲಯದ ಒಂದು ಕಾರ್ಖಾನೆಯಲ್ಲಿ ರಾತ್ರಿ ಕೋರ್ ಸ್ವಿಚ್‌ನ ವಿಲ್ಯಾನ್ ಇಂಟರ್‌ಫೇಸ್‌ಗಳನ್ನು ಹೊಸದಾಗಿ ಬರೆದೆ. ಮುಗಿಸಿ ಎಲ್ಲ ವಿಲ್ಯಾನ್‌ಗಳಿಗೂ ಪಿಂಗ್ ಮಾಡಿ ತಲುಪುತ್ತವೆಯೇ ಎಂದು ನೋಡಿದೆ, ಪಾಳಿಯಲ್ಲಿದ್ದವರ ಕಂಪ್ಯೂಟರ್‌ಗಳು ಓಡುತ್ತಿದ್ದವು, ಉಳಿಸಿ ಹೊರಟೆ. ಬೆಳಗ್ಗೆ ಆರಕ್ಕೆ ಮೊದಲ ಪಾಳಿ ಶುರುವಾದಾಗ ಉಗ್ರಾಣದ ಬಾರ್‌ಕೋಡ್ ಸ್ಕ್ಯಾನರ್‌ಗಳಲ್ಲಿ ಒಂದೂ ಕೆಲಸ ಮಾಡಲಿಲ್ಲ. ಮೇಲ್ವಿಚಾರಕರು ಒಂದನ್ನು ತಂದು ನನ್ನ ಕೈಗಿತ್ತರು. ಅದರ ಸಣ್ಣ ಪರದೆಯಲ್ಲಿ ಐಪಿ ವಿಳಾಸ 169.254 ಎಂದು ಶುರುವಾಗುತ್ತಿತ್ತು; ವಿಳಾಸ ಕೊಡುವವರು ಸಿಗದಾಗ ಯಂತ್ರ ತಾನೇ ಹಾಕಿಕೊಳ್ಳುವ ವಿಳಾಸ ಅದು. ನೋಡಿದ ಕೂಡಲೇ ಅರ್ಥವಾಯಿತು: ಆ ಒಂದು ವಿಲ್ಯಾನ್‌ಗೆ, ಯಂತ್ರಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್‌ನ ದಾರಿ ತೋರಿಸುವ ‘ಐಪಿ ಹೆಲ್ಪರ್ ಅಡ್ರೆಸ್’ ಸಾಲು ಬಿಟ್ಟುಹೋಗಿತ್ತು. ರಾತ್ರಿ ಚಾಲೂ ಇದ್ದ ಯಂತ್ರಗಳಿಗೆ ವಿಳಾಸ ಮೊದಲೇ ಸಿಕ್ಕಿತ್ತು, ಆ ವಿಳಾಸದ ಅವಧಿಯ ಅರ್ಧ ಕಳೆದಾಗ ಅವು ಸರ್ವರನ್ನು ನೇರವಾಗಿಯೇ ಕೇಳಿ ನವೀಕರಿಸಿಕೊಳ್ಳುತ್ತವೆ, ಅದಕ್ಕೆ ಹೆಲ್ಪರ್ ಬೇಕಿಲ್ಲ. ರಾತ್ರಿಯಿಡೀ ಆಫ್ ಮಾಡಿ ಚಾರ್ಜ್‌ಗೆ ಇಟ್ಟಿದ್ದ ಸ್ಕ್ಯಾನರ್‌ಗಳು ಮಾತ್ರ ಹೊಸದಾಗಿ ಕೂಗಿ ಕೇಳಬೇಕಿತ್ತು, ಆ ಕೂಗು ವಿಲ್ಯಾನ್‌ನ ಗಡಿ ದಾಟಲಿಲ್ಲ. ಒಂದು ಸಾಲು ಸೇರಿಸಿದೆ, ಸರಿಹೋಯಿತು. ಆದರೆ ಲಾರಿಗಳಿಗೆ ಸರಕು ತುಂಬುವ ಕೆಲಸ ನಲವತ್ತು ನಿಮಿಷ ನಿಂತಿತ್ತು, ಅಷ್ಟು ಹೊತ್ತೂ ಆ ಜನ ನನ್ನಿಂದಾಗಿ ಕಾದರು.

ಅಂದಿನಿಂದ ನಾನು ಪಿಂಗ್ ಒಂದನ್ನೇ ನಂಬುವುದಿಲ್ಲ. ಸಿಸ್ಕೋದಲ್ಲಿ ಮ್ಯಾಕ್ ಟೇಬಲ್‌ನ (ಯಾವ ಪೋರ್ಟ್‌ನಲ್ಲಿ ಯಾವ ಯಂತ್ರ ಎಂಬ ಪಟ್ಟಿ) ನೆನಪು 300 ಸೆಕೆಂಡು, ಎಆರ್‌ಪಿಯ (ಯಾವ ಐಪಿ ಯಾವ ಯಂತ್ರದ್ದು ಎಂಬ ಪಟ್ಟಿ) ನೆನಪು 4 ಗಂಟೆ. ಹಳೆಯ ನೆನಪಿನ ಮೇಲೆ ನಡೆಯುತ್ತಿರುವ ಜಾಲ ನಿಮಗೆ ಐದು ನಿಮಿಷದಲ್ಲಿ ಸತ್ಯ ಹೇಳಲಾರದು. ಬದಲಾವಣೆಗೆ ಮೊದಲು ಕೆಲವು ಸಂಖ್ಯೆಗಳನ್ನು ಬರೆದುಕೊಳ್ಳಿ: ಎಷ್ಟು ಪೋರ್ಟ್‌ಗಳು ಅಪ್ ಇವೆ, ಮ್ಯಾಕ್ ಟೇಬಲ್‌ನಲ್ಲಿ ಎಷ್ಟು ವಿಳಾಸಗಳಿವೆ, ಓಎಸ್‌ಪಿಎಫ್‌ನಲ್ಲಿ (ರೂಟರ್‌ಗಳು ದಾರಿಗಳನ್ನು ಹಂಚಿಕೊಳ್ಳುವ ವ್ಯವಸ್ಥೆ) ನೆರೆಯವರು ಎಷ್ಟು, ಸ್ಪ್ಯಾನಿಂಗ್ ಟ್ರೀಯ (ಸ್ವಿಚ್‌ಗಳ ನಡುವೆ ಸುತ್ತು ಬೀಳದಂತೆ ತಡೆಯುವ ವ್ಯವಸ್ಥೆ) ರೂಟ್ ಯಾವ ಸ್ವಿಚ್. ಆಮೇಲೆ ಅದನ್ನೇ ಮತ್ತೆ ನೋಡಿ. ಜೊತೆಗೆ ಪ್ರತಿ ವಿಲ್ಯಾನ್‌ನಲ್ಲೂ ಒಂದು ಯಂತ್ರವನ್ನು ಹೊಸದಾಗಿ ವಿಳಾಸ ಬೇಡುವಂತೆ ಮಾಡಿ. ಇದೆಲ್ಲ ಮುಗಿಯುವವರೆಗೆ ಸ್ಟಾರ್ಟಪ್‌ಗೆ ಉಳಿಸಬೇಡಿ. ಚೇಂಜ್ ವಿಂಡೋವನ್ನು, ಅಂದರೆ ಬದಲಾವಣೆಯ ಸಮಯವನ್ನು, ಆರಿಸುವಾಗಲೂ ಇದೇ ಲೆಕ್ಕ: ಆಯುಧಪೂಜೆಯ ದಿನ ಯಂತ್ರಗಳು ನಿಂತಿರುತ್ತವೆಂದು ಅಂದು ದೊಡ್ಡ ಬದಲಾವಣೆ ಇಟ್ಟುಕೊಳ್ಳುವ ರೂಢಿ ನಮ್ಮಲ್ಲಿದೆ, ನನಗದು ಒಪ್ಪಿಗೆಯಿಲ್ಲ, ಅಂದು ಪರೀಕ್ಷಿಸಿ ಹೇಳಲು ಬಳಕೆದಾರರೂ ಇರುವುದಿಲ್ಲ, ನೆರವಿಗೆ ಬರುವವರೂ ಸಿಗುವುದಿಲ್ಲ.

ಇನ್ನು ಕಾನ್ಫಿಗ್‌ಗಳ ದಾಖಲೆ. ಆಕ್ಸಿಡೈಸ್ಡ್ ಅಥವಾ ರ್‍ಯಾನ್ಸಿಡ್ ಎಂಬ ಉಚಿತ ತಂತ್ರಾಂಶವನ್ನು ಒಂದು ಸಣ್ಣ ಲಿನಕ್ಸ್ ಯಂತ್ರದಲ್ಲಿ ಹಾಕಿದರೆ, ಅದು ಎಲ್ಲ 33 ಸಾಧನಗಳಿಗೂ ನಿಯತವಾಗಿ ಲಾಗಿನ್ ಆಗಿ, ಕಾನ್ಫಿಗ್ ತೆಗೆದು ಗಿಟ್‌ನಲ್ಲಿ (ಕಡತಗಳ ಹಳೆಯ ಆವೃತ್ತಿಗಳನ್ನೂ ಉಳಿಸುವ ಭಂಡಾರ) ಇಡುತ್ತದೆ, ಬದಲಾದ ಸಾಲುಗಳನ್ನು ನಿಮಗೆ ಮಿಂಚಂಚೆ ಮಾಡುವಂತೆಯೂ ಹೊಂದಿಸಬಹುದು. ಒಬ್ಬರೇ ಕೆಲಸ ಮಾಡುವ ನಿಮಗೆ ಆ ಮಿಂಚಂಚೆಯೇ ಎರಡನೆಯ ಜೊತೆ ಕಣ್ಣು: ಬೆಳಗ್ಗೆ ಕಾಫಿ ಕುಡಿಯುತ್ತ ನಿನ್ನೆಯ ನಿಮ್ಮ ಸಾಲುಗಳನ್ನು ಓದಿದಾಗ ರಾತ್ರಿ ಕಾಣದ ತಪ್ಪು ಕಾಣುತ್ತದೆ. ಆ ಭಂಡಾರವನ್ನು ಮಾತ್ರ ಭದ್ರವಾಗಿಡಿ. ಕಾನ್ಫಿಗ್‌ನಲ್ಲಿರುವ ಸಿಸ್ಕೋದ ಟೈಪ್ 7 ಪಾಸ್‌ವರ್ಡ್‌ಗಳನ್ನು ಯಾರು ಬೇಕಾದರೂ ಸುಲಭವಾಗಿ ಬಿಡಿಸಬಹುದು.

ಆದರೆ ಕಾನ್ಫಿಗ್‌ನ ಪ್ರತಿ ಇದ್ದಮಾತ್ರಕ್ಕೆ ಸುಟ್ಟುಹೋದ ಸ್ವಿಚ್ ಮರಳಿ ಬರುವುದಿಲ್ಲ. ಸಿಸ್ಕೋದ ಕ್ಯಾಟಲಿಸ್ಟ್ ಸ್ವಿಚ್ ವಿಟಿಪಿ (ಸ್ವಿಚ್‌ಗಳು ವಿಲ್ಯಾನ್ ಪಟ್ಟಿ ಹಂಚಿಕೊಳ್ಳುವ ವ್ಯವಸ್ಥೆ) ಸರ್ವರ್ ಸ್ಥಿತಿಯಲ್ಲಿದ್ದರೆ ವಿಲ್ಯಾನ್‌ಗಳ ಪಟ್ಟಿ ರನ್ನಿಂಗ್ ಕಾನ್ಫಿಗ್‌ನಲ್ಲಿ ಇರುವುದೇ ಇಲ್ಲ, ಫ್ಲ್ಯಾಷ್‌ನ ‘ವಿಲ್ಯಾನ್ ಡಾಟ್ ಡ್ಯಾಟ್’ ಎಂಬ ಬೇರೆ ಕಡತದಲ್ಲಿರುತ್ತದೆ. ಪ್ರತಿಯನ್ನು ಹೊಸ ಸ್ವಿಚ್‌ಗೆ ಹಾಕಿದರೆ ಪೋರ್ಟ್‌ಗಳೆಲ್ಲ ಸರಿಯಾಗಿದ್ದು ವಿಲ್ಯಾನ್‌ಗಳೇ ಇರುವುದಿಲ್ಲ. ನಾನು ವಿಟಿಪಿಯ ಟ್ರಾನ್ಸ್‌ಪರೆಂಟ್ ಸ್ಥಿತಿಯನ್ನು ಇಷ್ಟಪಡುವುದಕ್ಕೆ ಇದೂ ಒಂದು ಕಾರಣ, ಆಗ ಪಟ್ಟಿ ಕಾನ್ಫಿಗ್‌ನಲ್ಲೇ ಕಾಣುತ್ತದೆ. ಸುರಕ್ಷಿತ ಲಾಗಿನ್‌ಗೆ ಬೇಕಾದ ಎಸ್‌ಎಸ್‌ಎಚ್ ಕೀಲಿಗಳೂ ಪ್ರತಿಯಲ್ಲಿ ಬರುವುದಿಲ್ಲ, ಹೊಸದಾಗಿ ಸೃಷ್ಟಿಸಬೇಕು. ರೂಟರ್‌ಗಳಲ್ಲಿ ಇಂಟರ್‌ಫೇಸನ್ನು ತೆರೆಯುವ ‘ನೋ ಶಟ್‌ಡೌನ್’ ಸಾಲು ಪ್ರತಿಯಲ್ಲಿ ಮುದ್ರಣವಾಗುವುದಿಲ್ಲ; ಹೊಸ ರೂಟರ್‌ಗೆ ಅಂಟಿಸಿದರೆ ಇಂಟರ್‌ಫೇಸ್‌ಗಳು ಮುಚ್ಚಿಯೇ ಉಳಿಯುತ್ತವೆ. ಒಂದು ಹಳೆಯ ಸ್ವಿಚ್ ತೆಗೆದುಕೊಂಡು ಖಾಲಿಮಾಡಿ, ಗಿಟ್‌ನಲ್ಲಿರುವ ಪ್ರತಿಯಿಂದ ಪೂರ್ತಿ ಕಟ್ಟಿ ನೋಡಿ, ಬೇಕಾದ ಹೆಚ್ಚಿನ ಹೆಜ್ಜೆಗಳನ್ನು ಬರೆದಿಡಿ. ಯಾರು ಯಾವ ಆಜ್ಞೆ ಕೊಟ್ಟರೆಂಬ ದಾಖಲೆಯನ್ನು ಲಾಗ್‌ಗಳನ್ನು ಸಂಗ್ರಹಿಸುವ ಸಿಸ್‌ಲಾಗ್ ಸರ್ವರ್‌ಗೆ ಕಳುಹಿಸುವುದನ್ನೂ ಜೊತೆಗೆ ಮಾಡಿಕೊಳ್ಳಿ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನ ಲಾಗ್‌ಗಳನ್ನು 180 ದಿನ ಇಡಬೇಕೆನ್ನುತ್ತದೆ, ಸಾಧನಗಳ ಗಡಿಯಾರಗಳೂ ಎನ್‌ಟಿಪಿಯಿಂದ (ಜಾಲದ ಮೂಲಕ ಸಮಯ ಸರಿಪಡಿಸುವ ವ್ಯವಸ್ಥೆ) ಒಂದಕ್ಕೊಂದು ಹೊಂದಿರಬೇಕು.

ಕೊನೆಗೆ ಆನ್ಸಿಬಲ್. ಅದು ಒಳ್ಳೆಯ ಸಾಧನ, ಆದರೆ ಅದರಿಂದ ನಿಮ್ಮ ಅಂದಿನ ತೊಂದರೆ ತಪ್ಪುತ್ತಿರಲಿಲ್ಲ. ‘ಆಡ್’ ಇಲ್ಲದ ಸಾಲನ್ನು ಅದು ಒಂದು ಸ್ವಿಚ್‌ಗೆ ಬದಲು 30ಕ್ಕೂ ಅಷ್ಟೇ ನಿಷ್ಠೆಯಿಂದ ಹಾಕುತ್ತಿತ್ತು. ಅದರ ವಿಲ್ಯಾನ್ ಮಾಡ್ಯೂಲ್‌ಗಳಲ್ಲಿಯೂ ಇದೇ ಭೇದವಿದೆ: ‘ಮರ್ಜ್ಡ್’ ಎಂದರೆ ಇರುವುದಕ್ಕೆ ಸೇರಿಸುತ್ತದೆ, ‘ಓವರ್‌ರಿಡನ್’ ಎಂದರೆ ನೀವು ಬರೆಯದೆ ಬಿಟ್ಟದ್ದನ್ನೆಲ್ಲ ಅಳಿಸುತ್ತದೆ. ಮೊದಲ ಮೂರು ತಿಂಗಳು ಅದನ್ನು ಓದುವ ಕೆಲಸಕ್ಕೆ ಮಾತ್ರ ಬಳಸಿ: ಬದಲಾವಣೆಗೆ ಮುಂಚೆ ಮತ್ತು ಆಮೇಲೆ ಮೇಲೆ ಹೇಳಿದ ಸಂಖ್ಯೆಗಳನ್ನು ಎಲ್ಲ ಸ್ವಿಚ್‌ಗಳಿಂದ ತಂದು ಹೋಲಿಸಲು ಅದಕ್ಕಿಂತ ಅನುಕೂಲವಾದದ್ದು ಇಲ್ಲ. ಬರೆಯುವ ಕೆಲಸ ಶುರುಮಾಡಿದಾಗ ‘ಚೆಕ್’ ಮತ್ತು ‘ಡಿಫ್’ ಆಯ್ಕೆಗಳೊಂದಿಗೆ ಓಡಿಸಿ, ಹಾಕಲಿರುವ ಸಾಲುಗಳನ್ನು ಓದಿ, ‘ಸೀರಿಯಲ್’ ಅನ್ನು 1ಕ್ಕೆ ಇಟ್ಟು ಒಂದು ಸ್ವಿಚ್ ಆದ ಮೇಲೆ ಇನ್ನೊಂದು ಹೋಗುವಂತೆ, ಒಂದು ಸೋತರೆ ಅಲ್ಲಿಗೇ ನಿಲ್ಲುವಂತೆ ಮಾಡಿ. ಆ ಸಾಲಿನಲ್ಲಿ ಮೊದಲು ನಿಲ್ಲುವುದು ಪೀಣ್ಯದಲ್ಲಿ ನಿಮ್ಮ ಮೇಜಿನ ಪಕ್ಕದ ಸ್ವಿಚ್ ಆಗಿರಲಿ, ಬೊಮ್ಮಸಂದ್ರದ್ದು ಕೊನೆಯದಾಗಿರಲಿ.